ಟ್ರೈನಿ ಹಣಕಾಸು ಸಲಹೆಗಾರರ ಇಂಟರ್‌ವ್ಯೂ: ಅರ್ಜಿಯಿಂದ ಆಫರ್ ಲೆಟರ್‌ವರೆಗೆ

ಈ ಕೆಲಸದ ಇಂಟರ್‌ವ್ಯೂಗೆ ಹೊರಟವರು ಸಾಮಾನ್ಯವಾಗಿ ಷೇರುಪೇಟೆಯನ್ನು ಅರೆದು ಕುಡಿದು ಹೋಗುತ್ತಾರೆ. ಸೂಚ್ಯಂಕ ಎಷ್ಟಿದೆ, ಯಾವ ಫಂಡ್ ಎಷ್ಟು ಲಾಭ ಕೊಟ್ಟಿತು, ಹೀಗೆ. ಓದಿದ್ದೇನೂ ದಂಡವಲ್ಲ. ಆದರೆ ಎದುರು ಕೂತವರು ನೋಡುವುದು ಬೇರೆ. ಟ್ರೈನಿಗೆ ಪೇಟೆಯ ವಿಷಯ ಕಲಿಸಬಹುದು, ಪರೀಕ್ಷೆಗೆ ತಯಾರು ಮಾಡಬಹುದು. ಕೇಳಿಸಿಕೊಳ್ಳುವ ಅಭ್ಯಾಸ ಕಲಿಸುವುದು ಕಷ್ಟ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದು, ದುಡ್ಡಿನ ಮಾತಾಡುವಾಗ ಇನ್ನೊಬ್ಬರಿಗೆ ಮುಜುಗರ ಆಗದಂತೆ ನಡೆದುಕೊಳ್ಳುವುದು ಇನ್ನೂ ಕಷ್ಟ. ಇವು ನಿಮ್ಮಲ್ಲಿ ಇವೆಯಾ ಅಂತಲೇ ಅವರು ಹುಡುಕುತ್ತಿರುತ್ತಾರೆ.

ನೀವೂ ಅವರನ್ನು ಅಷ್ಟೇ ಜೋರಾಗಿ ಅಳೆಯಬೇಕು. ಈ ಹುದ್ದೆಯ ಹೆಸರಿನಲ್ಲಿ ನಡೆಯುವ ಕೆಲಸಗಳಲ್ಲಿ ಅಷ್ಟು ವ್ಯತ್ಯಾಸ ಇದೆ. ಅಲ್ಲಿಂದಲೇ ಶುರು ಮಾಡೋಣ.

ಮೊದಲು: ಇದು ನಿಜವಾಗಿ ಯಾವ ಕೆಲಸ?

"ಟ್ರೈನಿ ಫೈನಾನ್ಷಿಯಲ್ ಅಡ್ವೈಸರ್" ಅಂತ ಜಾಹೀರಾತು ಇದ್ದರೆ ಅದರ ಹಿಂದೆ ಏನು ಬೇಕಾದರೂ ಇರಬಹುದು. ಒಂದೇ ಕಂಪನಿಯ ವಿಮೆ ಪಾಲಿಸಿ ಮಾರುವ ಕೆಲಸ ಇರಬಹುದು. ಬ್ಯಾಂಕ್ ಶಾಖೆಯಲ್ಲಿ ಕೂತು ಬಂದವರಿಗೆ ಫಂಡ್ ತೋರಿಸುವುದು ಇರಬಹುದು. ಹಿರಿಯ ಸಲಹೆಗಾರರ ಕೈಕೆಳಗೆ ಕಡತ ತಯಾರಿಸುತ್ತಾ, ಮೀಟಿಂಗ್‌ಗಳಲ್ಲಿ ಕೂತು ಟಿಪ್ಪಣಿ ಬರೆಯುತ್ತಾ ನಿಧಾನವಾಗಿ ಕಲಿಯುವ ಕೆಲಸವೂ ಇರಬಹುದು. ಮೂರಕ್ಕೂ ಬೇಕಾದ ತಯಾರಿ ಬೇರೆ, ಮೂರರಲ್ಲೂ ಬದುಕು ಬೇರೆ.

ಗುರುತಿಸುವುದು ಹೇಗೆ? ಜಾಹೀರಾತಿನ ಭಾಷೆಯನ್ನೇ ನೋಡಿ. "ಆದಾಯಕ್ಕೆ ಮಿತಿಯೇ ಇಲ್ಲ", "ನಿಮ್ಮದೇ ಸ್ವಂತ ಬಿಸಿನೆಸ್", "ನೀವೇ ನಿಮ್ಮ ಬಾಸ್" ಅಂತಿದ್ದರೆ ಅದು ಬಹುತೇಕ ಕಮಿಷನ್ ಮೇಲೆ ನಡೆಯುವ ಮಾರಾಟದ ಕೆಲಸ. ಅದರಲ್ಲಿ ತಪ್ಪೇನೂ ಇಲ್ಲ, ಚೆನ್ನಾಗಿ ಮಾಡುವವರಿದ್ದಾರೆ. ಆದರೆ ಸಂಬಳ ಬರುತ್ತೆ ಅಂದುಕೊಂಡು ಹೋಗಬೇಡಿ. "ಗ್ರಾಹಕರ ಕಡತ ನಿರ್ವಹಣೆ", "ವರದಿ ತಯಾರಿ", "ಅರ್ಹತಾ ಪರೀಕ್ಷೆಗೆ ನೆರವು" ಅಂತ ಇದ್ದರೆ ಅದು ಮೂರನೇ ಜಾತಿ, ಹಿರಿಯರ ಕೈಕೆಳಗೆ ಕಲಿಯುವ ಕೆಲಸ. ಸಂಬಳ ಮೊದಮೊದಲು ಕಮ್ಮಿ ಇರಬಹುದು, ಆದರೆ ಕಲಿಯಲು ಅದು ಒಳ್ಳೆ ಜಾಗ. ಈ ಎರಡರಲ್ಲಿ ಒಂದನ್ನು ಆರಿಸಿ ಅಂದರೆ ನಾನು ಹೊಸಬರಿಗೆ ಇದನ್ನೇ ಹೇಳುತ್ತೇನೆ.

ಆಮೇಲೆ ಸಂಸ್ಥೆಯ ನೋಂದಣಿ ನೋಡಿ. ಹೆಚ್ಚಿನ ದೇಶಗಳಲ್ಲಿ ಇದಕ್ಕೆ ಸಾರ್ವಜನಿಕ ಪಟ್ಟಿ ಇರುತ್ತದೆ, ನೋಡಲು ದುಡ್ಡೂ ಕೊಡಬೇಕಾಗಿಲ್ಲ. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ವೆಬ್‌ಸೈಟಿನಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರ ಪಟ್ಟಿ ಇದೆ. ಅಮೆರಿಕದಲ್ಲಿ ಬ್ರೋಕರ್‌ಗಳ ಮೇಲೆ ಕಣ್ಣಿಡುವ ಫಿನ್ರಾದ ಬ್ರೋಕರ್‌ಚೆಕ್ ವೆಬ್‌ಸೈಟು, ಬ್ರಿಟನ್ನಿನಲ್ಲಿ ಅಲ್ಲಿನ ಹಣಕಾಸು ನಿಯಂತ್ರಕ ಎಫ್‌ಸಿಎಯ ರಿಜಿಸ್ಟರ್ ಇವೆ. ಬ್ರೋಕರ್‌ಚೆಕ್‌ನಲ್ಲಂತೂ ಸಂಸ್ಥೆಯ ಮೇಲೆ, ಅದರ ಸಲಹೆಗಾರರ ಮೇಲೆ ನಡೆದ ಶಿಸ್ತುಕ್ರಮಗಳೂ ಕಾಣುತ್ತವೆ. ಅಮೆರಿಕದ ಸಲಹಾ ಸಂಸ್ಥೆಯಾದರೆ ಅದು ನಿಯಂತ್ರಕರಿಗೆ ಸಲ್ಲಿಸಿದ ಫಾರ್ಮ್ ಎಡಿವಿ ಅನ್ನುವ ದಾಖಲೆ ಓದಿ. ಶುಲ್ಕ ಹೇಗೆ ತಗೊಳ್ಳುತ್ತಾರೆ, ಅವರ ಲಾಭಕ್ಕೂ ಗ್ರಾಹಕರ ಲಾಭಕ್ಕೂ ಎಲ್ಲಿ ಜಗಳ ಬರಬಹುದು ಅನ್ನುವುದನ್ನು ಅವರೇ ಅದರಲ್ಲಿ ಬರೆದುಕೊಟ್ಟಿರುತ್ತಾರೆ. ಇದನ್ನು ಓದಿಕೊಂಡು ಬಂದ ಅಭ್ಯರ್ಥಿ ತೀರಾ ಅಪರೂಪ. ಓದಿದ್ದು ಒಂದೇ ಪ್ರಶ್ನೆಯಲ್ಲಿ ಗೊತ್ತಾಗಿಬಿಡುತ್ತದೆ.

ದುಡ್ಡು ಯಾರಿಂದ ಬರುತ್ತದೆ ಅನ್ನುವುದೇ ಈ ವೃತ್ತಿಯ ಬೇರು. ಗ್ರಾಹಕರೇ ಶುಲ್ಕ ಕೊಡುತ್ತಾರಾ, ಅಥವಾ ಫಂಡ್ ಕಂಪನಿ, ವಿಮಾ ಕಂಪನಿ ಕಮಿಷನ್ ಕೊಡುತ್ತದಾ? ಬ್ರಿಟನ್ 2012ರ ಕೊನೆಯಿಂದ ಹೊಸ ಹೂಡಿಕೆ ಸಲಹೆಗೆ ಕಂಪನಿಗಳಿಂದ ಕಮಿಷನ್ ಪಡೆಯುವುದನ್ನೇ ನಿಲ್ಲಿಸಿತು. ಭಾರತದಲ್ಲಿ ಸೆಬಿಯ 2013ರ ನಿಯಮಗಳ ಪ್ರಕಾರ ಶುಲ್ಕ ಪಡೆದು ಸಲಹೆ ಕೊಡುವ ನೋಂದಾಯಿತ ಸಲಹೆಗಾರ ಬೇರೆ, ಕಮಿಷನ್ ಮೇಲೆ ಮ್ಯೂಚುವಲ್ ಫಂಡ್ ಮಾರುವ ವಿತರಕ ಬೇರೆ. ನೀವು ಹೋಗುತ್ತಿರುವ ಸಂಸ್ಥೆ ಇದರಲ್ಲಿ ಎಲ್ಲಿ ನಿಲ್ಲುತ್ತದೆ ಅಂತ ಒಂದು ವಾಕ್ಯದಲ್ಲಿ ಹೇಳಲು ಬರಬೇಕು. ಬರದಿದ್ದರೆ ಇನ್ನೂ ಓದುವುದು ಬಾಕಿ ಇದೆ ಅಂತ.

ಪರೀಕ್ಷೆ, ಲೈಸೆನ್ಸ್

ಇಂಟರ್‌ವ್ಯೂಗೆ ಮುಂಚೆ ಎಲ್ಲ ಪಾಸಾಗಿರಬೇಕು ಅಂತೇನಿಲ್ಲ. ಯಾವ ಪರೀಕ್ಷೆ, ಎಷ್ಟು ಹಂತ, ಯಾವಾಗ ಬರೆಯುವ ಯೋಚನೆ ಇದೆ ಅನ್ನುವುದು ಗೊತ್ತಿದ್ದರೆ ಸಾಕು. ಅಮೆರಿಕದಲ್ಲಿ ಎಸ್‌ಐಇ ಅನ್ನುವ ಮೊದಲ ಹಂತದ ಪರೀಕ್ಷೆಯನ್ನು ಯಾವ ಸಂಸ್ಥೆಯ ಹಂಗೂ ಇಲ್ಲದೆ ಬರೆಯಬಹುದು. ಅದರ ಮುಂದಿನ ಸೀರೀಸ್ 7 ಪರೀಕ್ಷೆ ಬರೆಯಲು ಮಾತ್ರ ಸಂಸ್ಥೆಯೊಂದು ನಿಮ್ಮ ಹೆಸರು ಕಳಿಸಬೇಕು. ಬ್ರಿಟನ್ನಿನಲ್ಲಿ ಕನಿಷ್ಠ ಲೆವೆಲ್ 4, ಅಂದರೆ ಪದವಿಯ ಮೊದಲ ವರ್ಷದ ಮಟ್ಟದ ಅರ್ಹತೆ ಬೇಕು. ಭಾರತದಲ್ಲಿ ಹೂಡಿಕೆ ಸಲಹೆಗೆ ಸೆಬಿಯೇ ಕಟ್ಟಿದ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ ಹತ್ತನೇ ಸರಣಿಯ ಎ ಮತ್ತು ಬಿ ಪರೀಕ್ಷೆಗಳಿವೆ. ಮೊದಲ ಪುಸ್ತಕವನ್ನಾದರೂ ತೆರೆದಿರಿ, ಒಂದು ಮಾದರಿ ಪರೀಕ್ಷೆ ಬರೆದು ನೋಡಿರಿ. "ಓದ್ತಾ ಇದ್ದೀನಿ" ಅಂದಾಗ "ಯಾವ ಅಧ್ಯಾಯ ಕಷ್ಟ ಆಯ್ತು?" ಅಂತ ಕೇಳುವವರೂ ಇದ್ದಾರೆ.

ಬಾಯಿಲೆಕ್ಕದಲ್ಲಿ ಬರಬೇಕಾದ ನಾಲ್ಕು ಸಂಗತಿ

ಕ್ಯಾಲ್ಕುಲೇಟರ್ ಇಲ್ಲದೆ, ಅಡ್ಡ ಮಾತಿಲ್ಲದೆ ಇವನ್ನು ವಿವರಿಸಲು ಬಂದರೆ ತಾಂತ್ರಿಕ ಸುತ್ತು ಅರ್ಧ ದಾಟಿದಂತೆ. ಬರೀ ಸೂತ್ರ ಒಪ್ಪಿಸಬೇಡಿ. ಲೆಕ್ಕ ಗೊತ್ತಿಲ್ಲದ ದೊಡ್ಡಮ್ಮನಿಗೆ ಹೇಳುವ ಹಾಗೆ ಹೇಳಿ ಅಭ್ಯಾಸ ಮಾಡಿ.

72ರ ಲೆಕ್ಕ ಎಲ್ಲಕ್ಕಿಂತ ಸುಲಭ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ದುಡ್ಡು ಎರಡರಷ್ಟಾಗಲು ಸುಮಾರು ಎಷ್ಟು ವರ್ಷ ಅಂತ ಬರುತ್ತದೆ. ಶೇ 8 ಆದರೆ 9 ವರ್ಷ. ಇದನ್ನೇ ಹಣದುಬ್ಬರಕ್ಕೂ ತಿರುಗಿಸಿ ಹೇಳಿ: ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ 12 ವರ್ಷಕ್ಕೆ ಖರ್ಚು ಎರಡರಷ್ಟು. ನಿವೃತ್ತಿಯ ಮಾತು ಬಂದಾಗ ಇದು ಬೇಕಾಗುತ್ತದೆ.

ಎರಡನೆಯದು ನಷ್ಟದ ಲೆಕ್ಕ. 100 ಇದ್ದದ್ದು ಶೇ 50 ಇಳಿದು 50 ಆದರೆ, ಮತ್ತೆ 100 ಆಗಲು ಶೇ 100 ಏರಬೇಕು. ಶೇ 20 ಇಳಿದರೆ ಶೇ 25 ಏರಬೇಕು. ಇಳಿದಷ್ಟೇ ಏರಿದರೆ ಸಾಕು ಅಂದುಕೊಂಡವರು ಬಹಳ ಜನ.

ಮೂರನೆಯದು ಶುಲ್ಕ. ಒಮ್ಮೆ ಹಾಕಿದ 100 ವರ್ಷಕ್ಕೆ ಶೇ 8ರಂತೆ 30 ವರ್ಷ ಬೆಳೆದರೆ ಸುಮಾರು 1,006 ಆಗುತ್ತದೆ. ಶೇ 1 ಶುಲ್ಕಕ್ಕೆ ಹೋಗಿ ಶೇ 7ರಂತೆ ಬೆಳೆದರೆ 761. ಹತ್ತಿರ ಹತ್ತಿರ ಕಾಲು ಭಾಗ ಮಾಯ! ಸಲಹೆಗಾರರ ಕೆಲಸಕ್ಕೆ ಬಂದವರು ಇದನ್ನು ಹೇಳಬೇಕಾ ಅಂತ ಅನುಮಾನ ಬರಬಹುದು. ಹೇಳಬೇಕು. ಹೇಳಿದ ಮೇಲೆ "ಹಾಗಾದರೆ ನಮಗೆ ಯಾಕೆ ಶುಲ್ಕ ಕೊಡಬೇಕು?" ಅಂತ ಅವರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಇಟ್ಟುಕೊಂಡಿರಿ: ತೆರಿಗೆ, ವಿಮೆ, ನಿವೃತ್ತಿ, ಉಯಿಲು ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವುದು, ಪೇಟೆ ಕುಸಿದಾಗ ಗಾಬರಿಯಿಂದ ಮಾರದಂತೆ ತಡೆಯುವುದು. ಹೆಚ್ಚು ಲಾಭ ತಂದುಕೊಡ್ತೀವಿ ಅನ್ನುವ ಉತ್ತರ ಮಾತ್ರ ಬೇಡ. ಅದಕ್ಕೆ ಯಾರೂ ಗ್ಯಾರಂಟಿ ಕೊಡಲಾರರು.

ನಾಲ್ಕನೆಯದು ಬಾಂಡ್, ಅಂದರೆ ಸರ್ಕಾರಕ್ಕೋ ಕಂಪನಿಗೋ ಕೊಟ್ಟ ಸಾಲದ ಪತ್ರ. ಬಡ್ಡಿ ದರ ಏರಿದರೆ ಹಳೇ ಬಾಂಡಿನ ಬೆಲೆ ಯಾಕೆ ಇಳಿಯುತ್ತದೆ? ಹೊಸದು ಶೇ 7 ಕೊಡುವಾಗ ಶೇ 5ರ ಹಳೇ ಬಾಂಡನ್ನು ಪೂರ್ತಿ ಬೆಲೆಗೆ ಯಾರು ಕೊಳ್ಳುತ್ತಾರೆ? ಅಷ್ಟೇ ಉತ್ತರ. ಹಲವು ದೇಶಗಳಲ್ಲಿ ಬಡ್ಡಿ ದರ ಭರಭರ ಏರಿದ 2022ರಲ್ಲಿ ಅಮೆರಿಕದ ಷೇರು, ಬಾಂಡ್ ಎರಡೂ ಒಟ್ಟಿಗೆ ಬಿದ್ದವು. ಬಾಂಡ್ ಅಂದರೆ ಯಾವಾಗಲೂ ಭದ್ರ ಅಂತ ತಿಳಿದಿದ್ದವರಿಗೆ ಅದೊಂದು ಪಾಠ.

ನಿಮ್ಮ ದೇಶದ ಕೇಂದ್ರ ಬ್ಯಾಂಕಿನ ಈಗಿನ ಬಡ್ಡಿ ದರ, ಹಣದುಬ್ಬರದ ದರ ಗೊತ್ತಿರಲಿ. ಬೆಳಿಗ್ಗೆ ಐದು ನಿಮಿಷದ ಕೆಲಸ.

ರೋಲ್ ಪ್ಲೇ: ಇಲ್ಲೇ ಇರುವುದು ಎಲ್ಲ

ಇಂಟರ್‌ವ್ಯೂನಲ್ಲಿ ಒಬ್ಬರು ಗ್ರಾಹಕರಾಗುತ್ತಾರೆ, ನೀವು ಸಲಹೆಗಾರರು. ಹೀಗೆ ಶುರುವಾಗುತ್ತದೆ ಅಂದುಕೊಳ್ಳಿ:

"ನನಗೆ 58 ವರ್ಷ. ನನ್ನ ತಮ್ಮ ಷೇರಲ್ಲಿ ಒಳ್ಳೆ ದುಡ್ಡು ಮಾಡಿದ. ನಾನೂ ಇರೋದನ್ನೆಲ್ಲ ಅದಕ್ಕೇ ಹಾಕೋಣ ಅಂತಿದ್ದೀನಿ. ಯಾವುದು ಒಳ್ಳೇದು ಹೇಳಿ."

ಇಲ್ಲಿ ಎರಡು ಹಳ್ಳಗಳಿವೆ. "ಖಂಡಿತ ಸರ್, ಮೂರು ಒಳ್ಳೆ ಫಂಡ್ ಇವೆ" ಅನ್ನುವುದು ಒಂದು. "ಅಯ್ಯೋ, ಈ ವಯಸ್ಸಲ್ಲಿ ಷೇರು ಬೇಡ ಸರ್" ಅನ್ನುವುದು ಇನ್ನೊಂದು. ಎರಡನೆಯದು ಜವಾಬ್ದಾರಿಯ ಮಾತಿನ ಹಾಗೆ ಕೇಳಿಸುತ್ತದೆ. ಆದರೆ ಎರಡೂ ನಾಡಿ ಹಿಡಿಯದೆ ಮಾತ್ರೆ ಬರೆದುಕೊಟ್ಟ ಹಾಗೆ. ಅವರ ಬಗ್ಗೆ ನಿಮಗೆ ವಯಸ್ಸೊಂದು ಬಿಟ್ಟು ಇನ್ನೇನೂ ಗೊತ್ತಿಲ್ಲ, ಅಲ್ವಾ?

"ಹೇಳ್ತೀನಿ ಸರ್. ಅದಕ್ಕೆ ಮುಂಚೆ ಒಂದೆರಡು ವಿಷಯ ಕೇಳಲಾ? ಈ ದುಡ್ಡು ನಿಮಗೆ ಯಾವಾಗ ಬೇಕಾಗಬಹುದು?"

"ಎರಡು ವರ್ಷಕ್ಕೆ ರಿಟೈರ್ ಆಗ್ತೀನಿ. ಆಮೇಲೆ ಇದರಲ್ಲೇ ಜೀವನ."

"ಪೆನ್ಷನ್, ಬಾಡಿಗೆ ಅಂತ ಬೇರೆ ಏನಾದರೂ ಬರುತ್ತಾ?"

"ಪೆನ್ಷನ್ ಸ್ವಲ್ಪ ಬರುತ್ತೆ. ಸಾಕಾಗಲ್ಲ."

"ಕಟ್ಟಬೇಕಾದ ಸಾಲ ಏನಾದರೂ ಉಳಿದಿದೆಯಾ?"

"ಮನೆ ಸಾಲ ಇದೆ. ಇನ್ನೂ ನಾಲ್ಕು ವರ್ಷ."

ನೋಡಿ, ಸಾಲದ ವಿಷಯ ನಾಲ್ಕನೇ ಮಾತಿಗೆ ಹೊರಬಂತು. ಆಟ ಕಟ್ಟಿದವರು ಇಂಥದ್ದೊಂದನ್ನು ಬೇಕೆಂದೇ ಬಚ್ಚಿಟ್ಟಿರುತ್ತಾರೆ: ಸಾಲ, ಕಾಯಿಲೆ, ಮಗಳ ಓದು, ಮನೆಯಲ್ಲಿ ಯಾರಿಗೂ ಹೇಳದ ಹೂಡಿಕೆ. ಕೇಳದೆ ಇದ್ದವರಿಗೆ ಅದು ಸಿಗುವುದೇ ಇಲ್ಲ. ರಿಟೈರ್ ಆದ ಮೇಲೂ ಎರಡು ವರ್ಷ ಕಂತು ಕಟ್ಟಬೇಕು ಅನ್ನುವುದನ್ನು ಅಲ್ಲೇ ಹಿಡಿದು, "ಅಂದರೆ ಸಂಬಳ ನಿಂತ ಮೇಲೂ ಎರಡು ವರ್ಷ ಕಂತು ಹೋಗುತ್ತೆ, ಸರಿನಾ?" ಅಂತ ತಿರುಗಿ ಕೇಳಿದರೆ ನೀವು ಕೇಳಿಸಿಕೊಂಡಿದ್ದೀರಿ ಅನ್ನುವುದು ಅವರಿಗೆ ಖಾತ್ರಿ.

ಮುಂದಿನ ಪ್ರಶ್ನೆ ಮುಖ್ಯ: "ಹಾಕಿದ ಮೊದಲ ವರ್ಷವೇ ಇದು ಮೂರನೇ ಒಂದು ಭಾಗ ಇಳಿದರೆ ಏನು ಮಾಡ್ತೀರಿ ಸರ್?" ಕೇಳಿ, ಸುಮ್ಮನಿರಿ. ಅವರು ಯೋಚಿಸಲಿ. ಆ ಮೌನವನ್ನು ತುಂಬಲು ಮಾತು ಹುಡುಕುವವರೇ ಜಾಸ್ತಿ. ಹುಡುಕಬೇಡಿ.

ಇಲ್ಲಿ ಎರಡು ಸಂಗತಿ ಬೇರೆ ಬೇರೆ ಇವೆ. ನಷ್ಟವನ್ನು ತಾಳುವ ಮನಸ್ಸು ಒಂದು, ತಾಳುವ ಶಕ್ತಿ ಇನ್ನೊಂದು. ಈ ಗ್ರಾಹಕರಿಗೆ ಮನಸ್ಸು ದಂಡಿಯಾಗಿದೆ, ಶಕ್ತಿ ಕಮ್ಮಿ. ರಿಟೈರ್ ಆದ ಹೊಸದರಲ್ಲೇ ಪೇಟೆ ಕುಸಿದು, ಅದೇ ಹೊತ್ತಿಗೆ ಖರ್ಚಿಗೂ ಅದರಿಂದಲೇ ತೆಗೆಯುತ್ತಾ ಹೋದರೆ, ಆಮೇಲೆ ಪೇಟೆ ಚೇತರಿಸಿಕೊಂಡರೂ ಏರಲು ದುಡ್ಡೇ ಉಳಿದಿರುವುದಿಲ್ಲ. ಸರಾಸರಿ ಲಾಭ ಎಷ್ಟು ಅನ್ನುವುದಕ್ಕಿಂತ ನಷ್ಟ ಯಾವ ವರ್ಷ ಬಂತು ಅನ್ನುವುದು ಇಂಥವರಿಗೆ ದೊಡ್ಡದು. ಇದನ್ನು ಗ್ರಾಹಕರಿಗೆ ತಿಳಿಯುವ ಮಾತಿನಲ್ಲಿ ಹೇಳಿದಿರೋ, ಪ್ಯಾನೆಲ್ ಪೆನ್ನು ಕೈಗೆತ್ತಿಕೊಳ್ಳುತ್ತದೆ.

ಕೊನೆಗೆ ಉತ್ಪನ್ನದ ಹೆಸರು ಹೇಳದೆ ಮುಗಿಸಿ. "ನಾನು ಅರ್ಥ ಮಾಡಿಕೊಂಡಿದ್ದು ಹೀಗೆ" ಅಂತ ಮೂರು ವಾಕ್ಯದಲ್ಲಿ ಅವರ ಪರಿಸ್ಥಿತಿ ಹೇಳಿ, ಸರಿಯಾ ಅಂತ ಕೇಳಿ. "ನಾನಿನ್ನೂ ಟ್ರೈನಿ. ಇದನ್ನು ನಮ್ಮ ಸಲಹೆಗಾರರ ಜೊತೆ ಕೂತು ನೋಡಿ, ಅವರ ಜೊತೆಗೇ ನಿಮ್ಮನ್ನು ಮತ್ತೆ ಭೇಟಿ ಮಾಡ್ತೀನಿ" ಅನ್ನಿ. ಲೈಸೆನ್ಸ್ ಇಲ್ಲದವರು ಸಲಹೆ ಕೊಡುವ ಹಾಗಿಲ್ಲ ಅನ್ನುವ ಗೆರೆ ನಿಮಗೆ ಗೊತ್ತಿದೆ ಅಂತ ಅದರಿಂದಲೇ ತಿಳಿಯುತ್ತದೆ.

ಇನ್ನೊಂದು ರೋಲ್ ಪ್ಲೇ ಕೂಡ ಬರಬಹುದು: ಪೇಟೆ ಕುಸಿದಿದೆ, ಗ್ರಾಹಕರು ಫೋನ್ ಮಾಡಿ "ಎಲ್ಲ ಮಾರಿಬಿಡಿ" ಅನ್ನುತ್ತಾರೆ. ಇತಿಹಾಸ ಸ್ವಲ್ಪ ಗೊತ್ತಿರಲಿ. ಅಮೆರಿಕದ ದೊಡ್ಡ ಕಂಪನಿಗಳ ಷೇರುಗಳನ್ನು ಅಳೆಯುವ ಎಸ್ ಅಂಡ್ ಪಿ 500 ಸೂಚ್ಯಂಕ 2007ರ ಅಕ್ಟೋಬರಿನಿಂದ 2009ರ ಮಾರ್ಚ್‌ವರೆಗೆ ಸುಮಾರು ಶೇ 57 ಬಿತ್ತು. 2020ರ ಫೆಬ್ರವರಿ–ಮಾರ್ಚ್‌ನಲ್ಲಿ ಒಂದು ತಿಂಗಳ ಆಸುಪಾಸಿನಲ್ಲೇ ಸುಮಾರು ಶೇ 34 ಬಿದ್ದು, ಅದೇ ವರ್ಷ ಹಳೇ ಮಟ್ಟ ದಾಟಿತು. ಆದರೆ ಈ ಅಂಕಿಗಳನ್ನು ಮೊದಲೇ ಅವರ ಮೇಲೆ ಸುರಿಯಬೇಡಿ. ಹೆದರಿದವರಿಗೆ ಚಾರ್ಟ್ ಬೇಡ. "ಏನಾಯ್ತು ಹೇಳಿ, ಕೇಳ್ತೀನಿ" ಅಂತ ಶುರು ಮಾಡಿ. ದುಡ್ಡಿನ ಅಗತ್ಯವೇ ಬದಲಾಗಿದೆಯಾ, ಅಥವಾ ಬರೀ ಭಯವಾ ಅಂತ ತಿಳಿದುಕೊಳ್ಳಿ. ಕೆಲಸ ಹೋಗಿ ಕೈಯಲ್ಲಿ ಕಾಸಿಲ್ಲದವರಿಗೆ "ತಾಳ್ಮೆ ಇರಲಿ" ಅನ್ನುವುದು ಸಲಹೆಯಲ್ಲ.

ಈ ಎರಡನ್ನೂ ಸ್ನೇಹಿತರೊಬ್ಬರನ್ನು ಕೂರಿಸಿಕೊಂಡು ಜೋರಾಗಿ ಅಭ್ಯಾಸ ಮಾಡಿ. ಮನಸ್ಸಿನಲ್ಲೇ ಮಾಡಿದ್ದು ಲೆಕ್ಕಕ್ಕಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ನೀವು ಎಷ್ಟು ಹೊತ್ತು ಮಾತಾಡಿದಿರಿ, ಅವರು ಎಷ್ಟು ಹೊತ್ತು ಮಾತಾಡಿದರು ಅಂತ ನೋಡಿ. ನಿಮ್ಮದೇ ಜಾಸ್ತಿ ಇದ್ದರೆ ಮತ್ತೆ ಮಾಡಿ.

ಇಕ್ಕಟ್ಟಿಗೆ ಸಿಕ್ಕಿಸುವ ಪ್ರಶ್ನೆಗಳು

*"ತಿಂಗಳ ಕೊನೆ, ಟಾರ್ಗೆಟ್‌ಗೆ ಒಂದೇ ಪಾಲಿಸಿ ಬಾಕಿ. ಎದುರಿಗಿರುವ ಗ್ರಾಹಕರಿಗೆ ಅದು ಬೇಕಾಗಿಲ್ಲ. ಏನು ಮಾಡ್ತೀರಿ?"* ಮಾರುವುದಿಲ್ಲ ಅನ್ನಿ, ಅಲ್ಲಿಗೇ ನಿಲ್ಲಿಸಬೇಡಿ. ಟಾರ್ಗೆಟ್ ತಪ್ಪಿದ್ದನ್ನು ಮ್ಯಾನೇಜರ್‌ಗೆ ನೇರವಾಗಿ ಹೇಳ್ತೀನಿ, ಮುಂದಿನ ತಿಂಗಳು ಹೊಸಬರನ್ನು ಭೇಟಿ ಮಾಡುವುದನ್ನು ಬೇಗ ಶುರು ಮಾಡ್ತೀನಿ ಅನ್ನಿ. ಟಾರ್ಗೆಟ್ ಅಂದರೆ ಮೂಗು ಮುರಿಯುವವರನ್ನೂ ಅವರು ತಗೊಳ್ಳುವುದಿಲ್ಲ. ಪ್ರಾಮಾಣಿಕತೆ ಬೇಕು, ದುಡಿಯುವ ಹಟವೂ ಬೇಕು. ಒಂದು ವೇಳೆ ನಿಮ್ಮ ಉತ್ತರಕ್ಕೆ ಅವರು ನಕ್ಕು "ಹೀಗೆ ಅಂದರೆ ಇಲ್ಲಿ ಕಷ್ಟ" ಅಂದರೆ, ನಿಮಗೆ ಬೇಕಾದ ಮಾಹಿತಿ ಪುಕ್ಕಟೆ ಸಿಕ್ಕಿತು.

*"ನಿಮಗೆ ಗೊತ್ತಿರುವ ನೂರು ಜನರ ಹೆಸರು ಬರೆಯಿರಿ."* ಇದು ಈ ಉದ್ಯಮದ ಹಳೇ ಪದ್ಧತಿ. ಬಂಧು ಬಳಗ, ಗೆಳೆಯರು, ಹಳೇ ಸಹಪಾಠಿಗಳೇ ನಿಮ್ಮ ಮೊದಲ ಗ್ರಾಹಕರು ಅನ್ನುವ ಲೆಕ್ಕ. ಇಂಟರ್‌ವ್ಯೂನಲ್ಲೇ ಹೆಸರು, ಫೋನ್ ನಂಬರ್ ಬರೆದುಕೊಡಬೇಡಿ. ಅದು ಅವರ ಮಾಹಿತಿ, ನಿಮ್ಮದಲ್ಲ. "ನನ್ನ ಪರಿಚಯ ಇರುವುದು ಶಿಕ್ಷಕರಲ್ಲಿ, ಸಣ್ಣ ವ್ಯಾಪಾರಿಗಳಲ್ಲಿ. ಅವರನ್ನು ಹೀಗೆ ತಲುಪಬಹುದು" ಅಂತ ಗುಂಪುಗಳ ಮಟ್ಟದಲ್ಲಿ ಉತ್ತರಿಸಿ. ಆಮೇಲೆ ನೀವು ಕೇಳಿ: ಈ ಪಟ್ಟಿ ಮುಗಿದ ಮೇಲೆ ಹೊಸ ಗ್ರಾಹಕರು ಎಲ್ಲಿಂದ ಬರುತ್ತಾರೆ? ಅದಕ್ಕೆ ಗಟ್ಟಿ ಉತ್ತರ ಇಲ್ಲದಿದ್ದರೆ ಅವರಿಗೆ ನಿಮಗಿಂತ ನಿಮ್ಮ ಪಟ್ಟಿಯೇ ಬೇಕಾಗಿದೆ.

*"ಈ ಪೆನ್ನು ನನಗೆ ಮಾರಿ."* ಹಳಸಲು ಪ್ರಶ್ನೆ, ಆದರೂ ಕೇಳುತ್ತಾರೆ. ಪೆನ್ನನ್ನು ಹೊಗಳಬೇಡಿ. ಕೊನೆ ಸಲ ಪೆನ್ನು ಯಾವುದಕ್ಕೆ ಬಳಸಿದಿರಿ ಅಂತ ಕೇಳಿ.

*"ಈ ಕೆಲಸ ಯಾಕೆ?"* ಜನಸೇವೆ ಅಂತ ಶುರು ಮಾಡಿದರೆ ಯಾರೂ ನಂಬುವುದಿಲ್ಲ. ದುಡ್ಡು ಚೆನ್ನಾಗಿ ಸಿಗುತ್ತೆ ಅಂತ ಕೇಳಿದೆ ಅಂದರೂ ಅಡ್ಡಿಯಿಲ್ಲ, ಅದರ ಜೊತೆ ನಿಮ್ಮ ಬದುಕಿನದೇ ಒಂದು ನಿಜವಾದ ಸಂಗತಿ ಇರಲಿ. ಹಿಂದೆ ಅಂಗಡಿಯಲ್ಲಿ, ಕಾಲ್ ಸೆಂಟರಿನಲ್ಲಿ, ಶಾಲೆಯಲ್ಲಿ ಕೆಲಸ ಮಾಡಿದ್ದರೆ ಅದನ್ನು ಮುಚ್ಚಿಡಬೇಡಿ. ಸಿಟ್ಟಾದ ಗ್ರಾಹಕರನ್ನು ಸಮಾಧಾನ ಮಾಡಿದ ಅನುಭವಕ್ಕೆ ಇಲ್ಲಿ ಪದವಿಯಷ್ಟೇ ಬೆಲೆ.

ನೀವು ಕೇಳಬೇಕಾದದ್ದು

"ನಿಮ್ಮ ಪ್ರಶ್ನೆ ಏನಾದರೂ ಇದೆಯಾ?" ಅಂದಾಗ ಹಿಂಜರಿಯಬೇಡಿ. ದುಡ್ಡಿನ ಬಗ್ಗೆ ನೇರವಾಗಿ ಮಾತಾಡುವುದೇ ಈ ಕೆಲಸ. ನಿಮ್ಮ ಸಂಬಳದ ಬಗ್ಗೆಯೇ ಕೇಳಲು ಬಾರದಿದ್ದರೆ ಗ್ರಾಹಕರ ಸಾಲದ ಬಗ್ಗೆ ಹೇಗೆ ಕೇಳುತ್ತೀರಿ?

- ಮೊದಲ ಎರಡು ವರ್ಷ ಸಂಬಳ ಎಷ್ಟು, ಕಮಿಷನ್ ಎಷ್ಟು? ಈಗ ಮುಂಗಡ ಕೊಟ್ಟು ಮುಂದೆ ಕಮಿಷನ್‌ನಲ್ಲಿ ಮುರಿದುಕೊಳ್ಳುವ ಪದ್ಧತಿ ಇದೆಯಾ? ನಾನು ಅಷ್ಟು ಗಳಿಸದಿದ್ದರೆ ಅದು ಸಾಲವಾಗಿ ನಿಲ್ಲುತ್ತದಾ?
- ಗ್ರಾಹಕರು ಪಾಲಿಸಿಯನ್ನು ಮಧ್ಯದಲ್ಲೇ ಬಿಟ್ಟರೆ ಕಮಿಷನ್ ವಾಪಸ್ ಕೊಡಬೇಕಾ? ಎಷ್ಟು ಕಾಲದವರೆಗೆ?
- ಪರೀಕ್ಷೆಯ ಶುಲ್ಕ ಯಾರದು? ಎಷ್ಟು ಸಲ ಬರೆಯಬಹುದು, ಫೇಲಾದರೆ ಕೆಲಸ ಹೋಗುತ್ತದಾ?
- ಎರಡು ವರ್ಷದ ಹಿಂದೆ ಸೇರಿದ ಟ್ರೈನಿಗಳಲ್ಲಿ ಈಗ ಎಷ್ಟು ಜನ ಇದ್ದಾರೆ? ಅವರಲ್ಲಿ ಒಬ್ಬರ ಜೊತೆ ಮಾತಾಡಬಹುದಾ?

ಕೊನೆಯ ಪ್ರಶ್ನೆಗೆ ಅವರ ಮುಖ ನೋಡಿ. ಅಂಕಿ ತಕ್ಷಣ ಹೇಳಿದರೆ, ಅದು ಕಮ್ಮಿಯೇ ಇದ್ದರೂ, ಒಳ್ಳೆ ಲಕ್ಷಣ. ಮಾತು ತೇಲಿಸಿದರೆ ಎಚ್ಚರ.

ಆ ದಿನ

ಇದರಲ್ಲಿ ಹೇಳಲು ಹೆಚ್ಚೇನಿಲ್ಲ. ಗ್ರಾಹಕರ ಮನೆಗೆ ಹೋಗುವ ಹಾಗೆ ಬಟ್ಟೆ ಹಾಕಿ, ಸ್ವಲ್ಪ ಮುಂಚೆ ಹೋಗಿ. ವಿಡಿಯೊ ಕಾಲ್ ಆದರೆ ಬೆಳಕು ಮುಖದ ಮೇಲೆ ಬೀಳಲಿ. ಒಂದು ಪುಸ್ತಕ, ಪೆನ್ನು ಜೊತೆಗಿರಲಿ. ರೋಲ್ ಪ್ಲೇ ನಡೆಯುವಾಗ "ಬರೆದುಕೊಳ್ಳಬಹುದಾ?" ಅಂತ ಕೇಳಿ ಬರೆದುಕೊಳ್ಳಿ. ಈ ವೃತ್ತಿಯಲ್ಲಿ ಬರೆದಿಡದ ಮಾತಿಗೆ ಬೆಲೆಯಿಲ್ಲ. ನಾಳೆ ದೂರು ಬಂದರೆ ಕೆಲಸಕ್ಕೆ ಬರುವುದು ಆ ಟಿಪ್ಪಣಿಯೇ. ಗೊತ್ತಿಲ್ಲದ ಪ್ರಶ್ನೆ ಬಂದರೆ "ಗೊತ್ತಿಲ್ಲ, ನೋಡಿ ತಿಳಿಸ್ತೀನಿ" ಅನ್ನಿ. ಹೇಳಿದ ಮೇಲೆ ನಿಜವಾಗಿಯೂ ತಿಳಿಸಿ.

ಮುಗಿದ ಮೇಲೆ

ಅದೇ ದಿನ ಅಥವಾ ಮರುದಿನ ನಾಲ್ಕು ಸಾಲಿನ ಇಮೇಲ್ ಸಾಕು: ಧನ್ಯವಾದ, ಅವರು ಹೇಳಿದ್ದರಲ್ಲಿ ನಿಮಗೆ ಹಿಡಿಸಿದ ಒಂದು ವಿಷಯ, ಮತ್ತು ಉತ್ತರ ಗೊತ್ತಿಲ್ಲ ಅಂದಿದ್ದ ಪ್ರಶ್ನೆಗೆ ಈಗ ಉತ್ತರ.

ಆಫರ್ ಲೆಟರ್ ಬಂದರೆ ಖುಷಿಯಲ್ಲಿ ಅವತ್ತೇ ಸಹಿ ಹಾಕಬೇಡಿ. ಮೂರು ಷರತ್ತುಗಳನ್ನು ಹುಡುಕಿ ಓದಿ. ಬೇಗ ಬಿಟ್ಟರೆ ತರಬೇತಿಯ ಖರ್ಚು ವಾಪಸ್ ಕೊಡಬೇಕು ಅಂತ ಇದೆಯಾ, ಎಷ್ಟು? ಬಿಟ್ಟ ಮೇಲೆ ಇನ್ನೊಂದು ಸಂಸ್ಥೆ ಸೇರಲು, ನೀವು ತಂದ ಗ್ರಾಹಕರನ್ನು ಸಂಪರ್ಕಿಸಲು ಅಡ್ಡಿ ಇದೆಯಾ, ಎಷ್ಟು ತಿಂಗಳು? ನೀವು ನೌಕರರಾ, ಅಥವಾ ಸ್ವತಂತ್ರ ಏಜೆಂಟಾ? ಏಜೆಂಟ್ ಆದರೆ ರಜೆ, ಪಿಂಚಣಿ, ತೆರಿಗೆ ಎಲ್ಲ ಸಾಮಾನ್ಯವಾಗಿ ನಿಮ್ಮ ತಲೆಗೇ. ಇಂಟರ್‌ವ್ಯೂನಲ್ಲಿ ಬಾಯಲ್ಲಿ ಹೇಳಿದ್ದು ಪತ್ರದಲ್ಲಿ ಇಲ್ಲದಿದ್ದರೆ ಸೇರಿಸಿಕೊಡಿ ಅಂತ ಬರೆದು ಕೇಳಿ. "ಅದೆಲ್ಲ ಬರೆಯೋದು ಬೇಡ, ನಾವಿದ್ದೀವಲ್ಲ" ಅಂದರೆ, ಸೇರುವುದಕ್ಕೆ ಮುಂಚೆ ಅಲ್ಲಿಂದ ಬಿಟ್ಟು ಬಂದವರನ್ನು ಹುಡುಕಿ ಮಾತಾಡಿಸಿ.